ಅಪ್ಪನ ಇನ್ನೊಂದು ಜೇಬು

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಅಪ್ಪನ ಜೊತೆ ಮೊದಲು ಹೋದಾಗ ನನಗೆ ಹತ್ತೋ ಹನ್ನೊಂದೋ ವರ್ಷ. ಕನಕಪುರದ ಕಡೆಯ ನಮ್ಮ ಹಳ್ಳಿಯಿಂದ ನಸುಕಿನಲ್ಲೇ ಚೀಲ ಹೇರಿಕೊಂಡು ಟೆಂಪೊ ಹತ್ತುತ್ತಿದ್ದೆವು. ಗೂಡಿನಿಂದ ನೂಲು ತೆಗೆಯುವ ರೀಲರ್ ಬಂದು ರಾಶಿಗೆ ಕೈ ಹಾಕಿ, ಒಂದು ಗೂಡೆತ್ತಿ ಕಿವಿಯ ಹತ್ತಿರ ಅಲುಗಿಸಿ ನೋಡುವನು. ಹಿಂದಿನ ಬೆಳೆಗಿಂತ ಗೂಡು ಚೆನ್ನಾಗಿದ್ದರೂ ಅವತ್ತಿನ ರೇಟು ಬಿದ್ದಿರುತ್ತಿತ್ತು. ಹಣ ಕೈಗೆ ಬಂದೊಡನೆ ಅಪ್ಪ ಮುಂದಿನ ಬೆಳೆಯ ಚಾಕಿ ಹುಳುವಿಗೂ (ಎಳೆಯ ರೇಷ್ಮೆಹುಳು) ಗೊಬ್ಬರಕ್ಕೂ ಬೇಕಾದಷ್ಟನ್ನು ಎಣಿಸಿ ಒಳಜೇಬಿಗೆ ಸೇರಿಸುತ್ತಿದ್ದರು. ಆ ಜೇಬಿನಿಂದ ನನಗೆ ಒಂದು ಬನ್ನೂ ಸಿಗುತ್ತಿರಲಿಲ್ಲ.

ಹದಿನೇಳಕ್ಕೆ ನಾನು ಬ್ಯಾಟ್ಸ್‌ಮನ್ ಆಗಲು ಹೊರಟೆ. ಕಿಟ್ ಬ್ಯಾಗ್ ಹೊತ್ತು ರಾಮನಗರದಿಂದ ರೈಲಿನಲ್ಲಿ ಬೆಂಗಳೂರಿಗೆ, ಸಂಜೆ ವಾಪಸ್. ಇಪ್ಪತ್ತೆರಡಕ್ಕೆ ಒಂದು ಕಂಪನಿ ತಂಡ ತಿಂಗಳ ಭತ್ಯೆ ಕೊಟ್ಟು ಸೇರಿಸಿಕೊಂಡಿತು. ಆ ವರ್ಷ ಮುಟ್ಟಿದ್ದೆಲ್ಲ ಬೌಂಡರಿ. ಸಾಲದಲ್ಲಿ ಬೈಕ್ ತಗೊಂಡೆ, ಬಾಡಿಗೆಗೆ ಮನೆ ಹಿಡಿದೆ. ಮರುವರ್ಷ ಫೀಲ್ಡಿಂಗ್ ಮಾಡುವಾಗ ಭುಜ ಕಳಚಿತು. ಒಪ್ಪಂದ ಮುಂದುವರಿಯಲಿಲ್ಲ. ಹದಿನಾಲ್ಕು ತಿಂಗಳ ಕಂತನ್ನು ಅಪ್ಪ ಆ ಒಳಜೇಬಿನಿಂದ ಕಟ್ಟಿದರು. ಹಾಗಾಗಿ ಆ ವರ್ಷ ನಮ್ಮ ಮನೆಯಲ್ಲಿ ಎರಡು ಬೆಳೆಗೆ ಅರ್ಧದಷ್ಟೇ ಹುಳು ತಂದರು. ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಹಾಗೇ ಬಲಿತು ನಿಂತಿತ್ತು. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಬ್ಯಾಟ್ಸ್‌ಮನ್ನನ ದುಡಿಮೆ ಸಂಬಳವಲ್ಲ, ಬೆಳೆ. ಕರ್ನಾಟಕದ ಬ್ಯಾಟ್ಸ್‌ಮನ್ ಕರುಣ್ ನಾಯರ್ ಅವರನ್ನೇ ನೋಡಿ. 2015ರ ರಣಜಿ ಫೈನಲ್‌ನಲ್ಲಿ ತಮಿಳುನಾಡಿನ ಮೇಲೆ 328, 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ಅಂಥವರಿಗೆ 2017ರ ಮಾರ್ಚ್ ಆದಮೇಲೆ ಮತ್ತೊಂದು ಟೆಸ್ಟ್ ಸಿಕ್ಕಿದ್ದು 2025ರ ಜೂನ್‌ನಲ್ಲಿ. ನಡುವೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು, ವಿದರ್ಭಕ್ಕೆ ಹೋಗಿ ಆಡಿದರು. ಐಪಿಎಲ್ ಹರಾಜಿನಲ್ಲಿ ಅವರ ಬೆಲೆ 2018ಕ್ಕೆ 5.6 ಕೋಟಿ ರೂಪಾಯಿ, 2022ಕ್ಕೆ 1.4 ಕೋಟಿ. 2023ರ ಡಿಸೆಂಬರ್ ಹರಾಜಿನಲ್ಲಿ ಕೊಳ್ಳುವವರೇ ಇರಲಿಲ್ಲ. ಮುಂದಿನ ಹರಾಜಿನಲ್ಲಿ 50 ಲಕ್ಷ. ಅದೇ ಕೈ, ಅದೇ ಬ್ಯಾಟು. 2024–25ರ ರಣಜಿಯಲ್ಲಿ ಅವರು ವಿದರ್ಭಕ್ಕೆ 863 ರನ್ ಹೊಡೆದು, ಫೈನಲ್‌ನಲ್ಲಿ ಶತಕ ಬಾರಿಸಿ ಟ್ರೋಫಿ ಗೆಲ್ಲಿಸಿದ್ದನ್ನು ನೋಡುವಾಗ ನನ್ನ ಕಣ್ಣು ತುಂಬಿತ್ತು.

ಹಿಂದೆ ಆಟಗಾರರಿಗೆ ಬ್ಯಾಂಕಿನ ನೌಕರಿ ಆಸರೆಯಾಗಿತ್ತು. ಟೆಸ್ಟ್‌ನಲ್ಲಿ 6,080 ರನ್ ಗಳಿಸಿದ ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥ್ ಅವರೇ ಸ್ಟೇಟ್ ಬ್ಯಾಂಕ್ ನೌಕರರಾಗಿದ್ದರು. ಈಗ ಹುಡುಗರು ಆಟವನ್ನೇ ನೌಕರಿ ಅಂದುಕೊಂಡು ಇಳಿಯುತ್ತಾರೆ. ಲೆಕ್ಕ ಹಾಕೋಣ. 2021ರಲ್ಲಿ ಬಿಸಿಸಿಐ ಏರಿಸಿದ ದರದಂತೆ, 20 ಪಂದ್ಯದವರೆಗೆ ಆಡಿದ ರಣಜಿ ಆಟಗಾರನಿಗೆ ದಿನಕ್ಕೆ 40,000 ರೂಪಾಯಿ, 40ಕ್ಕಿಂತ ಹೆಚ್ಚು ಆಡಿದವರಿಗೆ 60,000. ನಾಲ್ಕು ದಿನದ ಏಳು ಲೀಗ್ ಪಂದ್ಯ ಅಂದರೆ 28 ದಿನ. ಹೊಸಬನಿಗೆ 11.2 ಲಕ್ಷ. ಹನ್ನೊಂದರ ಬಳಗದ ಹೊರಗೆ ಕೂತರೆ ಅದರರ್ಧ. ಆಯ್ಕೆಯೇ ಆಗದಿದ್ದರೆ ಸೊನ್ನೆ. ಹನ್ನೊಂದು ಲಕ್ಷವನ್ನು ಹನ್ನೆರಡರಿಂದ ಭಾಗಿಸಿ ಅದೇ ನನ್ನ ಸಂಬಳ ಎನ್ನುವ ಹುಡುಗ ಮುಂದಿನ ವರ್ಷವನ್ನೂ ಈಗಲೇ ತಿಂದಂತೆ.

ಹಣದ ವಿಚಾರದಲ್ಲಿ ನನ್ನ ಸಲಹೆ ಕೇಳುವ ಆಟಗಾರರಿಗೆ ನಾನು ಹೇಳುವುದು ಇಷ್ಟು. ಫೀಸು ಬೀಳುವ ಖಾತೆಯೇ ಬೇರೆ, ಮನೆ ಖರ್ಚಿನ ಖಾತೆಯೇ ಬೇರೆ ಇರಲಿ. ಮೊದಲನೆಯದರಿಂದ ಎರಡನೆಯದಕ್ಕೆ ತಿಂಗಳಿಗೆ ಒಂದೇ ಮೊತ್ತ ಹೋಗಲಿ, ಅದು ನಿಮ್ಮ ಅತಿ ಕೆಟ್ಟ ವರ್ಷದ ಅಳತೆಯಲ್ಲಿರಲಿ. ಒಂದಿಡೀ ವರ್ಷದ ಖರ್ಚು ಎಫ್‌ಡಿಯಲ್ಲಿ ಕೂಡುವವರೆಗೆ ಕಾರು, ಸೈಟು ಯಾವುದೂ ಬೇಡ. ಆಮೇಲೆ ಪಿಪಿಎಫ್; ವರ್ಷಕ್ಕೆ 1.5 ಲಕ್ಷದವರೆಗೆ ಹಾಕಬಹುದು, 15 ವರ್ಷದ ಅವಧಿ. ಇಪ್ಪತ್ತರಲ್ಲಿ ಶುರುಮಾಡಿದವನಿಗೆ ಅದು ಬ್ಯಾಟು ಕೆಳಗಿಡುವ ವಯಸ್ಸಿಗೆ ಕೈಗೆ ಬರುತ್ತದೆ. ವಿಮೆ ಮಾಡಿಸುವಾಗ ವೃತ್ತಿಪರ ಆಟದಲ್ಲಾದ ಗಾಯಕ್ಕೆ ಹಣ ಬರುತ್ತದೆಯೇ ಎಂಬ ಸಾಲನ್ನು ಹುಡುಕಿ ಓದಿ. ನನ್ನ ಭುಜಕ್ಕೆ ಒಂದು ರೂಪಾಯಿಯೂ ಬರಲಿಲ್ಲ, ಯಾಕೆಂದರೆ ಆ ಸಾಲನ್ನು ನಾನು ಓದಿರಲಿಲ್ಲ.

ಹೋದ ತಿಂಗಳು ಮಾಗಡಿ ಕಡೆಯ ರೇಷ್ಮೆ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ನನ್ನ ಹತ್ತಿರ ಬಂದಿದ್ದರು. ಹುಡುಗನಿಗೆ ಹದಿನೈದು, ಎಡಗೈ ಬ್ಯಾಟ್ಸ್‌ಮನ್. ಬೆಂಗಳೂರಿನ ಅಕಾಡೆಮಿಗೆ ಸೇರಿಸಲು ಹದಿನೆಂಟು ಗುಂಟೆ ಅಡ ಇಡುವ ಯೋಚನೆ ಅವರದು. ಒಂದು ಬೆಳೆ ಗೂಡು ಮಾರಿದಾಗ ಮುಂದಿನ ಬೆಳೆಗೆ ಎಷ್ಟು ತೆಗೆದಿಡುತ್ತೀರಿ ಅಂದೆ. ರೂಪಾಯಿ ಲೆಕ್ಕದಲ್ಲಿ ಥಟ್ಟನೆ ಹೇಳಿದರು. ಹುಡುಗನ ಮೊದಲ ಮೂರು ವರ್ಷಕ್ಕೆ ಎಷ್ಟು ಬೇಕು ಅಂದೆ. ಅವರು ಮಗನ ಮುಖ ನೋಡಿದರು. ನಾನು ಒಂದು ಹಾಳೆ ತೆಗೆದು ರೈಲಿನ ಪಾಸು, ಬ್ಯಾಟು, ಪ್ಯಾಡು, ಮಧ್ಯಾಹ್ನದ ಊಟ ಎಂದು ಬರೆಯತೊಡಗಿದೆ. ಹುಡುಗ ಹತ್ತಿರ ಸರಿದು, ‘ಪಾಸು ಬೇಡ ಸಾರ್, ಮಾಗಡಿಗೆ ರೈಲಿಲ್ಲ, ಬಸ್ಸೇ’ ಅಂದ. ಪಾಸು ಹೊಡೆದುಹಾಕಿ ಬಸ್ಸು ಅಂತ ಬರೆದೆ.