ದವಾಖಾನೆ ಸಾಮಾನು ಮಾಡುವ ಕೆಲಸ

ನಾವು ದವಾಖಾನೆಗೆ ಹೋಗುತ್ತೇವೆ. ನರ್ಸಮ್ಮ ಸೂಜಿ ಮಾಡುತ್ತಾರೆ. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡುತ್ತಾರೆ. ಅಜ್ಜಿಯ ಕಣ್ಣಿನ ಪೊರೆ ತೆಗೆದು ಒಳಗೆ ಸಣ್ಣ ಲೆನ್ಸು ಕೂರಿಸುತ್ತಾರೆ. ಈ ಸೂಜಿ, ಈ ಪಟ್ಟಿ, ಈ ಲೆನ್ಸು ಎಲ್ಲಿಂದ ಬಂದವು? ಯಾರೋ ಅವನ್ನು ಜೋಡಿಸಿ, ಪರೀಕ್ಷೆ ಮಾಡಿ, ಪೊಟ್ಟಣ ಕಟ್ಟಿ ಕಳಿಸಿದ್ದಾರೆ. ಹಾಗೆ ಜೋಡಿಸುವವರಲ್ಲಿ ನಮ್ಮಂಥ ಹಳ್ಳಿಯ ಹೆಣ್ಣುಮಕ್ಕಳೂ ಇದ್ದಾರೆ.

ಹಾನಗಲ್ಲ, ಶಿಗ್ಗಾವಿ, ಸವಣೂರ, ಹಿರೇಕೆರೂರ ಕಡೆಯ ಹುಡುಗಿಯರು ಈಗ ಎಸ್ಸೆಸ್ಸೆಲ್ಸಿ, ಪಿಯುಸಿ, ಐ.ಟಿ.ಐ. ಮುಗಿಸುತ್ತಿದ್ದಾರೆ. ಕೆಲಸ ಹುಡುಕುತ್ತಿದ್ದಾರೆ. ಒಂದು ದಿನ ಮಗಳು ಬಂದು ಕೇಳುತ್ತಾಳೆ:

"ಯವ್ವಾ, ಬೆಂಗಳೂರಾಗ ದವಾಖಾನಿ ಮಷಿನ್ ಮಾಡೋ ಕಂಪನಿ ಐತಿ. ನನ್ನ ಕೆಲಸಕ್ಕ ಕರದಾರ. ಹೋಗ್ಲೇನು?"

"ಅಷ್ಟು ದೂರ ಯಾಕವ್ವಾ? ಅಲ್ಲಿ ಏನು ಕೆಲಸ? ಎಷ್ಟು ಕೊಡ್ತಾರ?"

ತಾಯಿ ಕೇಳಿದ್ದು ಸರಿಯಾಗಿಯೇ ಇದೆ. ಆದರೆ ಇನ್ನೊಂದು ಪ್ರಶ್ನೆ ಉಳಿಯಿತು. ಅದನ್ನು ಬಹಳ ಮಂದಿ ಕೇಳುವುದೇ ಇಲ್ಲ. ಐದು ವರ್ಷ ಆದ ಮೇಲೆ ಮಗಳು ಅಲ್ಲಿ ಏನಾಗಿರುತ್ತಾಳೆ? ಸೇರಿದ ಜಾಗದಲ್ಲೇ ಕುಳಿತಿರುತ್ತಾಳೋ, ಮೇಲೆ ಏರಿರುತ್ತಾಳೋ? ಬನ್ನಿ, ಎಲ್ಲವನ್ನೂ ತೂಗಿ ನೋಡೋಣ.

ಕೆಲಸ ಎಂಥದ್ದು?

ಮೊದಲು ಸೇರುವವರಿಗೆ ಆಪರೇಟರ್ ಅನ್ನುತ್ತಾರೆ. ಒಂದು ಮೇಜು, ಒಂದು ದೀಪ, ಕೆಲವು ಕಡೆ ಒಂದು ಸೂಕ್ಷ್ಮದರ್ಶಕ. ಸಣ್ಣ ಸಣ್ಣ ಭಾಗಗಳನ್ನು ಜೋಡಿಸಬೇಕು. ಬೆಸುಗೆ ಹಾಕಬೇಕು. ಗೀರು ಬಿದ್ದಿದೆಯೇ, ಕೂದಲು ಸೇರಿದೆಯೇ ನೋಡಬೇಕು. ಕೆಟ್ಟದ್ದನ್ನು ಬೇರೆ ಇಡಬೇಕು. ಮಾಡಿದ್ದನ್ನೆಲ್ಲ ಹಾಳೆಯಲ್ಲಿ ಬರೆದು ಸಹಿ ಹಾಕಬೇಕು.

ಹತ್ತಿ ಬೀಜದ ಹೊಲದಲ್ಲಿ ಕ್ರಾಸಿಂಗ್ ಮಾಡಿದ ಅಕ್ಕಂದಿರಿಗೆ ಇದು ಬೇಗ ತಿಳಿಯುತ್ತದೆ. ಮೊಗ್ಗು ಬಿಡಿಸಿ ಗಂಡು ಭಾಗ ತೆಗೆಯುತ್ತೇವೆ. ಮರುದಿನ ಬೆಳಿಗ್ಗೆ ಬೇರೆ ಹೂವಿನ ಪುಡಿ ಸವರುತ್ತೇವೆ. ಬೆರಳು ಒರಟಾದರೆ ಕಾಯಿ ಕಟ್ಟುವುದಿಲ್ಲ. ಅದೇ ಬೆರಳು, ಅದೇ ತಾಳ್ಮೆ ಇಲ್ಲಿಯೂ ಬೇಕು. "ನಮ್ಮ ಹುಡುಗಿಗೆ ಏನೂ ಬರೂದಿಲ್ಲ" ಅನ್ನಬೇಡಿ. ಬರುತ್ತದೆ. ಅದಕ್ಕೆ ಬೆಲೆ ಕಟ್ಟಿದವರಿಲ್ಲ, ಅಷ್ಟೆ.

ಸೂಜಿ, ಲೆನ್ಸು ಮಾಡುವ ಕೋಣೆ ಬಹಳ ಶುದ್ಧವಾಗಿರಬೇಕು. ಒಳಗೆ ಹೋಗುವಾಗ ತಲೆಯಿಂದ ಕಾಲಿನವರೆಗೆ ಬಿಳಿ ಅಂಗಿ ತೊಡಬೇಕು. ಬಳೆ, ಹೂವು, ಪೌಡರ್ ನಡೆಯುವುದಿಲ್ಲ. ಕುಂಕುಮದ ಪುಡಿಯೂ ಉದುರಬಾರದು. ಮದುವೆಯಾದ ಹೆಣ್ಣುಮಗಳು ಬಳೆ ತೆಗೆಯುವುದೇ ಅಂತ ಅತ್ತೆ ಕೇಳಬಹುದು. ಇದು ಸಣ್ಣ ಮಾತಲ್ಲ. ಇದಕ್ಕಾಗಿಯೇ ಕೆಲಸ ಬಿಟ್ಟು ಬಂದರೆ ಎಲ್ಲರಿಗೂ ನಷ್ಟ. ಆದ್ದರಿಂದ ಹೋಗುವ ಮೊದಲೇ ಮನೆಯಲ್ಲಿ ಮಾತಾಡಿಕೊಳ್ಳಿ. ಹೊರಗೆ ಬಂದ ಮೇಲೆ ಬಳೆ ತೊಟ್ಟುಕೊಳ್ಳಲು ಯಾರ ಅಡ್ಡಿಯೂ ಇಲ್ಲ.

ಇಷ್ಟು ಬಿಗಿ ಯಾಕೆ? ಈ ಸಾಮಾನು ಮೈಯೊಳಗೆ ಹೋಗುತ್ತದೆ. ಸರ್ಕಾರ 2017ರಲ್ಲಿ ಇದಕ್ಕೆಂದೇ ನಿಯಮ ಮಾಡಿತು. 2018ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಅಪಾಯ ನೋಡಿ ಸಾಮಾನುಗಳನ್ನು ಎ, ಬಿ, ಸಿ, ಡಿ ಅಂತ ನಾಲ್ಕು ಗುಂಪು ಮಾಡಿದ್ದಾರೆ. ಚುಚ್ಚುವ ಸೂಜಿ ಬಿ ಗುಂಪು. ಉಸಿರಾಟದ ಯಂತ್ರ, ಅಂದರೆ ವೆಂಟಿಲೇಟರ್, ಸಿ ಗುಂಪು. ಹೃದಯದ ಕವಾಟ ಡಿ ಗುಂಪು. ಪೊಟ್ಟಣದ ಮೇಲೆ ಒಂದು ನಂಬರ್ ಇರುತ್ತದೆ. ಮುಂದೆ ತೊಂದರೆ ಬಂದರೆ ಆ ನಂಬರ್ ಹಿಡಿದು ಯಾವ ದಿನ ಎಲ್ಲಿ ತಯಾರಾಯಿತು ಅಂತ ಹುಡುಕುತ್ತಾರೆ. ಹಾಳೆಯಲ್ಲಿ ಬರೆಯುವುದು ಅದಕ್ಕೇ. ಓದು ಬರಹ ಬಂದವರಿಗೆ ಈ ಕೆಲಸದಲ್ಲಿ ಬೆಲೆ ಹೆಚ್ಚು.

ಹಳ್ಳಿಯ ಹುಡುಗಿಯರು ಮಾಡಿ ತೋರಿಸಿದ್ದಾರೆ

ತಮಿಳುನಾಡಿನ ಮದುರೆಯಲ್ಲಿ ಅರವಿಂದ ಕಣ್ಣಿನ ಆಸ್ಪತ್ರೆ ಇದೆ. ಡಾಕ್ಟರ್ ವೆಂಕಟಸ್ವಾಮಿ ಅದನ್ನು 1976ರಲ್ಲಿ 11 ಹಾಸಿಗೆಯಿಂದ ಶುರು ಮಾಡಿದರು. ಕಣ್ಣಿನೊಳಗೆ ಕೂರಿಸುವ ಲೆನ್ಸು ಆಗ ಹೊರದೇಶದಿಂದ ಬರುತ್ತಿತ್ತು. ಬಡವರಿಗೆ ಕೈಗೆಟುಕುತ್ತಿರಲಿಲ್ಲ. 1992ರಲ್ಲಿ ಅವರೇ ಅರೋಲ್ಯಾಬ್ ಅನ್ನುವ ಕಾರ್ಖಾನೆ ತೆರೆದರು. ಸುತ್ತಲಿನ ಹಳ್ಳಿಯ ಹುಡುಗಿಯರಿಗೆ ಕೆಲಸ ಕಲಿಸಿದರು. ಲೆನ್ಸಿನ ಬೆಲೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಇಂದು ಆ ಲೆನ್ಸು ಎಷ್ಟೋ ದೇಶಗಳಿಗೆ ಹೋಗುತ್ತದೆ.

ನಮ್ಮ ಕರ್ನಾಟಕದಲ್ಲಿ ಇಂಥ ಕಾರ್ಖಾನೆಗಳು ಬೆಂಗಳೂರು, ಮೈಸೂರು ಕಡೆ ಇವೆ. 2020ರಲ್ಲಿ ಕೊರೋನಾ ಬಂದದ್ದು ನೆನಪಿದೆಯಲ್ಲ? ಆಗ ವೆಂಟಿಲೇಟರ್ ಸಾಲಲಿಲ್ಲ. ಮೈಸೂರಿನ ಸ್ಕ್ಯಾನ್‌ರೇ ಕಂಪನಿಯ ಜೊತೆ ಸೇರಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 30,000 ವೆಂಟಿಲೇಟರ್ ಮಾಡಿತು.

ಸಂಬಳದ ಲೆಕ್ಕ

ಸಂಬಳ 15,000 ರೂಪಾಯಿ ಅಂತ ಇಟ್ಟುಕೊಳ್ಳೋಣ. ಇದು ಬರೀ ಲೆಕ್ಕಕ್ಕೆ. ನೂರಕ್ಕೆ 12ರಂತೆ ಪಿ.ಎಫ್. 1,800 ಹೋಗುತ್ತದೆ. ಇ.ಎಸ್.ಐ. ನೂರಕ್ಕೆ ಮುಕ್ಕಾಲು ರೂಪಾಯಿ, ಅಂದರೆ 113. ಕೈಗೆ ಬರುವುದು 13,087.

ಇನ್ನು ಖರ್ಚು. ರೂಮಿನ ಪಾಲು 2,000. ಊಟ 3,000. ಫೋನು, ಸಾಬೂನು, ಊರಿಗೆ ಬಂದು ಹೋಗುವುದು 1,000. ಉಳಿಯುವುದು 7,087.

ಊರಲ್ಲೇ ಇದ್ದರೆ? ದಿನಕ್ಕೆ 350ರಂತೆ ತಿಂಗಳಿಗೆ 16 ದಿನ ಕೂಲಿ ಸಿಕ್ಕರೆ 5,600. ನಿಮ್ಮ ಊರಿನ ಕೂಲಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ನೋಡಿ, ವ್ಯತ್ಯಾಸ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಬರೀ ಈ ತಿಂಗಳ ದುಡ್ಡಿಗಾಗಿ ಅಷ್ಟು ದೂರ ಹೋಗಬೇಕೆಂದಿಲ್ಲ ಅಂತಲೇ ನಮ್ಮ ಅಭಿಪ್ರಾಯ.

ಆದರೆ ಹಿಡಿದ ದುಡ್ಡು ಕಳೆದುಹೋದ ದುಡ್ಡಲ್ಲ. ಪಿ.ಎಫ್.ಗೆ ಕಂಪನಿಯೂ ಅಷ್ಟೇ ಹಾಕಬೇಕು. ಅದರಲ್ಲಿ ಒಂದು ಪಾಲು ಪಿಂಚಣಿಗೆ ಸೇರುತ್ತದೆ. ಇ.ಎಸ್.ಐ. ಇದ್ದರೆ ಕಾಯಿಲೆಗೆ ಔಷಧ ಸಿಗುತ್ತದೆ. ಮೊದಲ ಎರಡು ಹೆರಿಗೆಗೆ 26 ವಾರ ಸಂಬಳದ ರಜೆಯೂ ಇದೆ. ಹೊಲದ ಕೂಲಿಯಲ್ಲಿ ಇದು ಯಾವುದೂ ಇಲ್ಲ.

ಮೇಲೆ ಏರುವ ದಾರಿ

ಆಪರೇಟರ್ ಆದವಳು ಪರೀಕ್ಷೆ ಮಾಡುವವಳಾಗಬಹುದು. ಆಮೇಲೆ ಹತ್ತು ಹದಿನೈದು ಮಂದಿಯನ್ನು ನೋಡಿಕೊಳ್ಳುವ ಲೈನ್ ಲೀಡರ್. ಆಮೇಲೆ ಸೂಪರ್‌ವೈಸರ್. ಹೇಳುವುದು ಸುಲಭ. ಎಲ್ಲ ಕಡೆ ಈ ಏಣಿ ಇರುವುದಿಲ್ಲ. ಕೆಲವು ಕಡೆ ವರ್ಷಗಟ್ಟಲೆ ಒಂದೇ ತಿರುಪು ತಿರುಗಿಸುತ್ತ ಕೂರಿಸುತ್ತಾರೆ. ಕಣ್ಣು ಸೋಲುತ್ತದೆ, ಸಂಬಳ ಏರುವುದಿಲ್ಲ.

ಹಾಗಾದರೆ ತಿಳಿಯುವುದು ಹೇಗೆ? ಕಂಪನಿಯವರನ್ನು ಹೀಗೆ ಕೇಳಿ: "ನಿಮ್ಮಲ್ಲಿ ಈಗ ಸೂಪರ್‌ವೈಸರ್ ಆಗಿರುವವರು ಮೊದಲು ಏನಾಗಿದ್ದರು? ಅವರಲ್ಲಿ ಹೆಂಗಸರು ಎಷ್ಟು ಮಂದಿ?" ಆಪರೇಟರ್ ಆಗಿ ಸೇರಿದವರೇ ಮೇಲೆ ಬಂದಿದ್ದರೆ ಅಲ್ಲಿ ಏಣಿ ಇದೆ. ಎಲ್ಲರೂ ಹೊರಗಿನಿಂದ ಬಂದಿದ್ದರೆ ಏಣಿ ಇಲ್ಲ. ನೂರು ಮಾತಿಗಿಂತ ಈ ಒಂದು ಉತ್ತರ ಹೆಚ್ಚು ತಿಳಿಸುತ್ತದೆ.

ಯಾವ ಕೆಲಸ ಕಲಿಸುತ್ತಾರೆ ಅಂತಲೂ ಕೇಳಿ. ತಿರುಪು ಹಾಕುವುದನ್ನು ಕಲಿತರೆ ಅದು ಆ ಮೇಜಿಗೆ ಮಾತ್ರ ಸಾಕು. ಅಳತೆ ನೋಡುವುದು, ದಾಖಲೆ ಬರೆಯುವುದು, ಶುದ್ಧ ಕೋಣೆಯ ನಿಯಮ ಕಲಿತರೆ ಬೇರೆ ಕಂಪನಿಯಲ್ಲೂ ನಡೆಯುತ್ತದೆ. ಗುಣಮಟ್ಟಕ್ಕೆ ಐ.ಎಸ್.ಒ. 13485 ಅನ್ನುವ ಒಂದು ಪದ್ಧತಿ ಇದೆ. ಲೋಕದ ಎಲ್ಲ ಕಡೆ ಇಂಥ ಕಾರ್ಖಾನೆಗಳು ಅದನ್ನು ಒಪ್ಪುತ್ತವೆ. ಮಗಳು ಆ ಹೆಸರು ನೆನಪಿಟ್ಟುಕೊಂಡು "ನಿಮ್ಮಲ್ಲಿ ಅದು ಇದೆಯೇ?" ಅಂತ ಕೇಳಲಿ.

ಓದು ನಿಲ್ಲಿಸಿದರೆ ಏಣಿ ಅರ್ಧಕ್ಕೇ ನಿಲ್ಲುತ್ತದೆ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಪಾಲಿಟೆಕ್ನಿಕ್ಕಿನಲ್ಲಿ ಡಿಪ್ಲೊಮಾ ಎರಡನೇ ವರ್ಷಕ್ಕೇ ನೇರ ಸೇರಬಹುದು. ಡಿಪ್ಲೊಮಾ ಇದ್ದವರು ಆಸ್ಪತ್ರೆಯ ಯಂತ್ರ ರಿಪೇರಿ ಮಾಡುವ ಕೆಲಸಕ್ಕೂ ಹೋಗಬಹುದು. ಮೊದಲ ಎರಡು ವರ್ಷದ ಉಳಿತಾಯವನ್ನು ಚಿನ್ನಕ್ಕೆ ಹಾಕುವ ಬದಲು ಈ ಓದಿಗೆ ಹಾಕಿದರೆ ಒಳ್ಳೆಯದು ಅಂತ ನಾವು ಹೇಳುತ್ತೇವೆ. ಮದುವೆಗೆ ಚಿನ್ನ ಬೇಡವೇ ಅಂತ ನೀವು ಕೇಳುತ್ತೀರಿ. ಮನೆಯಲ್ಲಿ ಕೂತು ಮಾತಾಡಿ.

ಸೇರುವ ಮೊದಲು

ನೇಮಕಾತಿ ಪತ್ರ ಕೇಳಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಂತೆ ಪ್ರತಿ ಕೆಲಸಗಾರರಿಗೂ ಪತ್ರ ಕೊಡಲೇಬೇಕು. ಪತ್ರದಲ್ಲಿ ಯಾರ ಹೆಸರಿದೆ ಓದಿ. ಕಂಪನಿಯದೋ, ಗುತ್ತಿಗೆದಾರರದೋ? ಗುತ್ತಿಗೆದಾರರ ಹೆಸರಿದ್ದರೆ ಮೇಲೆ ಏರುವುದು ಕಷ್ಟ. ವಾರಕ್ಕೆ 48 ಗಂಟೆ ಕೆಲಸ. ಹೆಚ್ಚು ದುಡಿದರೆ ಆ ಹೊತ್ತಿಗೆ ಎರಡು ಪಟ್ಟು ಕೂಲಿ. ರಾತ್ರಿ ಪಾಳಿಗೆ ಮಗಳ ಒಪ್ಪಿಗೆ ಬೇಕು, ಗಾಡಿಯನ್ನೂ ಕೊಡಬೇಕು.

ಕೆಲಸ ಕೊಡಿಸುತ್ತೇನೆ ಅಂತ ದುಡ್ಡು ಕೇಳುವವರನ್ನು ಮನೆಗೆ ಸೇರಿಸಬೇಡಿ. ಎಸ್ಸೆಸ್ಸೆಲ್ಸಿಯ ಅಸಲು ಅಂಕಪಟ್ಟಿ ಯಾರ ಕೈಗೂ ಕೊಟ್ಟು ಬರಬೇಡಿ, ನಕಲು ಕೊಡಿ.

ಇನ್ನೊಂದು ಮಾತು. ಸಾಮಾನು ಕ್ರಿಮಿಮುಕ್ತ ಮಾಡಲು ಕೆಲವು ಕಾರ್ಖಾನೆಗಳಲ್ಲಿ ಎಥಿಲಿನ್ ಆಕ್ಸೈಡ್ ಅನ್ನುವ ಗ್ಯಾಸ್ ಬಳಸುತ್ತಾರೆ. ಅದು ವಿಷ. ಬಹಳ ದಿನ ಉಸಿರಿಗೆ ಹೋದರೆ ಕ್ಯಾನ್ಸರ್ ಬರಬಹುದು. ಬಸುರಿಯರಿಗೂ ಕೆಟ್ಟದ್ದು. ಆ ಕೋಣೆ ಎಲ್ಲಿದೆ, ಗ್ಯಾಸ್ ಸೋರಿದರೆ ಗಂಟೆ ಬಾರಿಸುವ ಯಂತ್ರ ಇದೆಯೇ ಅಂತ ಮೊದಲ ದಿನವೇ ಕೇಳಿಕೊಳ್ಳಬೇಕು. ಕೇಳಲು ನಾಚಿಕೆ ಬೇಡ.

ಸಾಧ್ಯವಾದರೆ ತಾಯಿಯೋ ಅಣ್ಣನೋ ಒಮ್ಮೆ ಹೋಗಿ ನೋಡಿ ಬನ್ನಿ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಹಾಗಾಗಿ ತಾಯಿ ಹೋದರೇ ಲಾಭ!

ನೀವೇ ಮಾಡಿ

1. ಸಂಬಳ 14,000 ರೂಪಾಯಿ. ಪಿ.ಎಫ್. ಎಷ್ಟು? ಇ.ಎಸ್.ಐ. ಎಷ್ಟು? ಕೈಗೆ ಎಷ್ಟು ಬರುತ್ತದೆ?

2. ನಿಮ್ಮ ಮಗಳು ಅಥವಾ ಸೊಸೆ ಇಂಥ ಕೆಲಸಕ್ಕೆ ಹೊರಟರೆ ಕಂಪನಿಯವರನ್ನು ಏನೇನು ಕೇಳುತ್ತೀರಿ? ಮೂರು ಪ್ರಶ್ನೆ ಬರೆಯಿರಿ.

3. ಮನೆಯಲ್ಲಿರುವ ಔಷಧದ ಪೊಟ್ಟಣ ತೆಗೆದುಕೊಳ್ಳಿ. ಅದರ ಮೇಲಿನ ಬ್ಯಾಚ್ ನಂಬರ್ ಹುಡುಕಿ, ಓದಿ, ಪಕ್ಕದವರಿಗೆ ತೋರಿಸಿ.