ಹಾಜರಿ ಪುಸ್ತಕದ ಆ ಹೆಸರು

ಆಳಂದ

ಪ್ರೀತಿಯ ಮೊಮ್ಮಗಳಿಗೆ,



ಜೇವರ್ಗಿ ತಾಲೂಕಿನ ನಿನ್ನ ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗ ಪ್ರಾರ್ಥನೆಯ ಹೊತ್ತಿಗೆ ಫಿಟ್ಸ್ ಬಂದು ಬಿದ್ದನೆಂದೂ, ಅವನನ್ನು ಮನೆಯಲ್ಲೇ ಇಡಲಿ ಎಂದು ಉಳಿದ ಪಾಲಕರು ಹಟ ಹಿಡಿದಿದ್ದಾರೆಂದೂ ಫೋನಿನಲ್ಲಿ ಹೇಳಿದೆ. "ಏನ್ ಮಾಡ್ಲಿ ಮುತ್ಯಾ?" ಅಂದೆ. ಆಗ ಬಾಯಿಗೆ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ಅಫಜಲಪುರ ತಾಲೂಕಿನ ಶಾಲೆಯೊಂದರಲ್ಲಿ ನಾನು ಹೊಸ ಮಾಸ್ತರನಾಗಿದ್ದಾಗ ಐದನೆಯ ತರಗತಿಯ ಹುಡುಗಿಯೊಬ್ಬಳಿಗೆ ಹೀಗೇ ಆಯಿತು. ಒಬ್ಬರು ಕೈಗೆ ಕೀಲಿಕೈ ಕೊಟ್ಟರು, ಇನ್ನೊಬ್ಬರು ಮೂಗಿಗೆ ಉಳ್ಳಾಗಡ್ಡಿ ಹಿಡಿದರು. ಎರಡು ನಿಮಿಷಕ್ಕೆ ಅದು ತಾನೇ ನಿಂತಿತು. ನಾನು ಪಾಟಿಚೀಲವನ್ನು ಅವಳ ತಂದೆಯ ಕೈಗಿಟ್ಟು, "ಆರಾಮಾದ ಮ್ಯಾಲೆ ಕಳಸ್ರಿ" ಅಂದೆ. ಅವಳು ಮತ್ತೆ ಬರಲಿಲ್ಲ. ನಾನೂ ಹೋಗಿ ಕೇಳಲಿಲ್ಲ. ವರ್ಷದ ಕೊನೆಗೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿಗೆ ಅಡ್ಡಗೆರೆ ಎಳೆದೆ. ರೋಗ ತಿಂದದ್ದು ಎರಡು ನಿಮಿಷ, ಓದುವ ವರ್ಷಗಳನ್ನು ತಿಂದವನು ನಾನು.

ಪಾಲಕರನ್ನು ಕೂಡಿಸಿ ಹೇಳು: ಫಿಟ್ಸ್, ಅಂದರೆ ಮೂರ್ಛೆರೋಗ, ಅಂಟುವ ರೋಗವಲ್ಲ, ಮೆದುಳಿನ ನರಕೋಶಗಳಲ್ಲಿ ಗಳಿಗೆ ಹೊತ್ತು ಆಗುವ ವಿದ್ಯುತ್ತಿನ ಏರುಪೇರು. ಅಪರೂಪದ್ದೂ ಅಲ್ಲ. ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ 2004ರಲ್ಲಿ ಪ್ರಕಟವಾಯಿತು. ಸಾವಿರಕ್ಕೆ ಸುಮಾರು 9 ಮಂದಿಗೆ ಈ ತೊಂದರೆ ಇತ್ತು. ಹಳ್ಳಿಗಳಲ್ಲಿ ಪೇಟೆಯ ಎರಡು ಪಟ್ಟು.

ಬೀಳುವ ಮಗು ಎಲ್ಲರಿಗೂ ಕಾಣುತ್ತದೆ, ಬೀಳದ ಮಗುವನ್ನು ನೀನು ಹುಡುಕು. ಉಕ್ತಲೇಖನ ಬರೆಯುತ್ತ ಹತ್ತು ಸೆಕೆಂಡು ಕಣ್ಣು ನೆಟ್ಟು ಕೂತು, ನಡುವಿನ ಎರಡು ಶಬ್ದ ಬಿಟ್ಟು ಮುಂದೆ ಬರೆಯುತ್ತದಲ್ಲ, ಅದೂ ಫಿಟ್ಸ್ ಇರಬಹುದು. ಅಂಥ ಮಕ್ಕಳಿಗೆ ಲಕ್ಷ್ಯವಿಲ್ಲವೆಂದು ನಾವು ಬೆತ್ತ ಎತ್ತುತ್ತಿದ್ದೆವು.

ನಿನ್ನ ಶಾಲೆಯ ಆ ಹುಡುಗನನ್ನು ಮನೆಯವರು ದೇವರಿಗೆಂದು ಗಾಣಗಾಪುರಕ್ಕೆ ಕರೆದೊಯ್ದಿದ್ದರಂತೆ. ಅದನ್ನು ಹೀಯಾಳಿಸಬೇಡ. ಅಲ್ಲಿಯ ಭೀಮಾ-ಅಮರ್ಜಾ ಸಂಗಮಕ್ಕೆ ನಿನ್ನಜ್ಜಿಯೂ ಹೋಗುತ್ತಿದ್ದಳು. "ದೇವರಿಗೂ ಹೋಗ್ರಿ, ಗುಳಿಗೀನೂ ನುಂಗಸ್ರಿ" ಅನ್ನು. ಯಳಂದೂರು ತಾಲೂಕಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಫಿನೋಬಾರ್ಬಿಟಾಲ್, ಫೆನಿಟಾಯಿನ್‌ನಂಥ ಹಳೆಯ, ಅಗ್ಗದ ಗುಳಿಗೆಗಳಿಂದಲೇ ಬಹಳ ಜನರ ಫಿಟ್ಸ್ ಹತೋಟಿಗೆ ತಂದರು. 2001ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಸರಿಯಾದ ಔಷಧ ಸಿಕ್ಕರೆ ನೂರರಲ್ಲಿ 70 ಮಂದಿ ಫಿಟ್ಸ್ ಇಲ್ಲದೆ ಬಾಳಬಹುದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಆದರೆ ಗುಳಿಗೆ ತಪ್ಪಬಾರದು. ನಮ್ಮ ಕಡೆ ತೊಗರಿ ರಾಶಿ ಮುಗಿದ ಮೇಲೆ ಪುಣೆ, ಮುಂಬೈಗೆ ದುಡಿಯಲು ಹೋಗುವ ಮನೆಗಳಲ್ಲಿ ತಪ್ಪುವುದೇ ಆಗ. ಹೊರಡುವ ಮುಂಚೆ ಗುಳಿಗೆ ಕಟ್ಟಿಕೊಳ್ಳಲು ನೆನಪಿಸು. ಗುಳಿಗೆಯಿಂದ ಹುಡುಗ ತೂಕಡಿಸಿದರೆ ಗದರಬೇಡ, ಡಾಕ್ಟರಿಗೆ ತಿಳಿಸಲು ಹೇಳು. ಪರೀಕ್ಷೆಯೆಂದು ರಾತ್ರಿಯಿಡೀ ಓದಿಸಬಾರದು. ನಿದ್ದೆಗೆಟ್ಟರೆ ಫಿಟ್ಸ್ ಮರಳಬಹುದು. ಬಾವಿಗೆ, ಹೊಳೆಗೆ ಒಬ್ಬನೇ ಇಳಿಯಬಾರದು. ಇಷ್ಟು ಬಿಟ್ಟರೆ ಕಬಡ್ಡಿ ಆಡಲಿ, ಗುಣಾಕಾರ ಮಾಡಲಿ, ಪ್ರವಾಸಕ್ಕೂ ಬರಲಿ.

ಮತ್ತೆ ಬಿದ್ದರೆ ಒಂದು ಮಗ್ಗುಲಿಗೆ ಹೊರಳಿಸಿ ತಲೆಯ ಕೆಳಗೆ ಬಟ್ಟೆ ಇಡು. ಬಾಯಿಗೆ ನೀರು, ಚಮಚ ಏನೂ ಹಾಕಬೇಡ. ಕೈಕಾಲು ಅದುಮಿ ಹಿಡಿಯಬೇಡ. ಗಡಿಯಾರ ನೋಡು, ಐದು ನಿಮಿಷ ದಾಟಿದರೆ 108ಕ್ಕೆ ಫೋನು ಮಾಡು.

ಈ ರೋಗವಿರುವ ಹೈಸ್ಕೂಲಿನ ಹುಡುಗಿಯರ ತಾಯಂದಿರು ಲಗ್ನದ ಚಿಂತೆಗೆ ರೋಗ ಮುಚ್ಚಿಡುತ್ತಾರೆ, ಶಾಲೆ ಬಿಡಿಸುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಮೂರ್ಛೆರೋಗದ ಅಡ್ಡಿಯನ್ನು 1999ರಲ್ಲೇ ತೆಗೆದುಹಾಕಿದ್ದಾರೆಂದು ಅವರಿಗೆ ತಿಳಿಸು.

ನಾಳೆ ಹಾಜರಿ ಕರೆಯುವಾಗ ಆ ಹುಡುಗನ ಹೆಸರನ್ನೂ ಕೂಗು. ಉತ್ತರ ಬಾರದಿದ್ದರೆ ಸಂಜೆಯೇ ಅವನ ಮನೆಗೆ ಹೋಗು, ನನ್ನವ್ವಾ.

ನಿನ್ನ ಮುತ್ಯಾ