ರಬ್ಬರ್ ಶೀಟಿನ ದಪ್ಪ ಏರುಪೇರಾಗಲು ಕಾರಣಗಳು

ಸುಳ್ಯ, ಪುತ್ತೂರು, ಬೆಳ್ತಂಗಡಿ ಭಾಗಗಳ ರಬ್ಬರ್ ಬೆಳೆಗಾರರಲ್ಲಿ ಅನೇಕರು ಹಾಲನ್ನು ತೋಟದಲ್ಲಿಯೇ ಹೆಪ್ಪುಗಟ್ಟಿಸಿ ಶೀಟು ತಯಾರಿಸುತ್ತಾರೆ. ಒಳ್ಳೆಯ ಶೀಟು ಸುಮಾರು 3 ಮಿ.ಮೀ. ದಪ್ಪವಿದ್ದು, ಎಲ್ಲ ಕಡೆ ಒಂದೇ ಸಮನಾಗಿರಬೇಕು. ದಪ್ಪವಾದ ಭಾಗದಲ್ಲಿ ನೀರಿನಂಶ ಉಳಿದು, ಹೊಗೆಗೂಡಿನಿಂದ ತೆಗೆದ ಮೇಲೂ ಬಿಳಿ ಮಚ್ಚೆ ಕಾಣುತ್ತದೆ. ಅದು ಒಣಗಲೆಂದು ಇನ್ನೂ ಕೆಲವು ದಿನ ಬಿಟ್ಟರೆ ತೆಳುವಾದ ಭಾಗಕ್ಕೆ ಹೊಗೆ ಅತಿಯಾಗುತ್ತದೆ. ಹೇಗಾದರೂ ದರ್ಜೆ ಇಳಿದು ಬೆಲೆ ಕಡಿಮೆಯಾಗುತ್ತದೆ. ಇದಕ್ಕೆ ರೋಲರನ್ನಷ್ಟೇ ದೂರಿದರೆ ಸಾಲದು. ಕಾರಣ ಮೂರು ಕಡೆ ಇರಬಹುದು.

1. ಹಾಲು: ತಳಿ, ಋತು ಮತ್ತು ಮಳೆಗೆ ಅನುಗುಣವಾಗಿ ಹಾಲಿನಲ್ಲಿರುವ ಒಣ ರಬ್ಬರಿನ ಅಂಶ ಬದಲಾಗುತ್ತದೆ. ದಿನವೂ ಒಂದೇ ಅಳತೆಯ ನೀರು ಬೆರೆಸಿದರೆ ಇಂದಿನ ಶೀಟು ದಪ್ಪ, ನಾಳಿನದು ತೆಳು. ಆದ್ದರಿಂದ ಮೆಟ್ರೊಲ್ಯಾಕ್ ಉಪಕರಣದಿಂದ ಪರೀಕ್ಷಿಸಿ, ಒಣ ರಬ್ಬರಿನ ಅಂಶ ಶೇ. 12.5 ಆಗುವಷ್ಟು ನೀರು ಸೇರಿಸಿ, ಪ್ರತಿ ಟ್ರೇಗೆ 4 ಲೀಟರ್ ಅಳೆದು ಹಾಕಬೇಕು. ಆಗ ಪ್ರತಿ ಶೀಟಿಗೂ ಅರ್ಧ ಕಿಲೋ ರಬ್ಬರ್ ದೊರೆಯುತ್ತದೆ.

2. ಟ್ರೇ: ಟ್ರೇ ಒಂದು ಕಡೆಗೆ ವಾಲಿದ್ದರೆ ಹೆಪ್ಪು ಆ ಕಡೆ ದಪ್ಪವಾಗುತ್ತದೆ. ಫಾರ್ಮಿಕ್ ಆಮ್ಲವನ್ನು ನೀರಿನಲ್ಲಿ ತಿಳಿಮಾಡಿ ಹಾಲಿನಲ್ಲಿ ಚೆನ್ನಾಗಿ ಕಲಸದಿದ್ದರೆ ಹೆಪ್ಪು ಅಲ್ಲಲ್ಲಿ ಗಟ್ಟಿ, ಅಲ್ಲಲ್ಲಿ ಮೆತ್ತಗಾಗುತ್ತದೆ. ಗಟ್ಟಿಯಾದ ಭಾಗ ರೋಲರಿನಲ್ಲಿ ಸರಿಯಾಗಿ ತೆಳುವಾಗುವುದಿಲ್ಲ.

3. ರೋಲರು: ಎರಡು ತುದಿಗಳ ತಿರುಪುಗಳನ್ನು ಸಮನಾಗಿ ಬಿಗಿಮಾಡದಿದ್ದರೆ ಅಥವಾ ಬೇರಿಂಗು ಸವೆದಿದ್ದರೆ ಶೀಟಿನ ಒಂದು ಅಂಚು ದಪ್ಪವಾಗುತ್ತದೆ. ದಪ್ಪನೆಯ ಹೆಪ್ಪನ್ನು ಒಮ್ಮೆಗೇ ಕಿರಿದಾದ ಸಂದಿಗೆ ನೂಕಬಾರದು. ಸಂದಿಯನ್ನು ಹಂತಹಂತವಾಗಿ ಕಡಿಮೆ ಮಾಡುತ್ತಾ ನಯವಾದ ರೋಲರಿನಲ್ಲಿ ಮೂರು ನಾಲ್ಕು ಸಲ, ಕೊನೆಗೆ ಗೀರು ರೋಲರಿನಲ್ಲಿ ಒಮ್ಮೆ ಹಾಯಿಸಬೇಕು.

ದೋಷ ಎಲ್ಲಿದೆಯೆಂದು ತಿಳಿಯಲು ಸುಲಭ ಪರೀಕ್ಷೆಯೊಂದಿದೆ. ಎರಡು ಹೆಪ್ಪುಗಳಲ್ಲಿ ಟ್ರೇಯ ಒಂದೇ ಬದಿಗೆ ಗುರುತು ಮಾಡಿ, ಒಂದನ್ನು ಗುರುತು ಎಡಕ್ಕಿರುವಂತೆ, ಮತ್ತೊಂದನ್ನು ಬಲಕ್ಕಿರುವಂತೆ ರೋಲರಿಗೆ ಕೊಡಿ. ಎರಡರಲ್ಲೂ ರೋಲರಿನ ಒಂದೇ ತುದಿಯ ಅಂಚು ದಪ್ಪವಾದರೆ ದೋಷ ರೋಲರಿನದು. ದಪ್ಪವಾದ ಅಂಚು ಗುರುತಿನೊಡನೆ ಬದಿ ಬದಲಿಸಿದರೆ ದೋಷ ಟ್ರೇಯದು.

ಕಾರ್ಖಾನೆಗಳ ಕ್ಯಾಲೆಂಡರ್ ಯಂತ್ರಗಳಲ್ಲಿಯೂ ಕಾರಣಗಳು ಬಹುಮಟ್ಟಿಗೆ ಇವೇ: ಹದ ತಪ್ಪಿದ ರಬ್ಬರ್, ಏರುಪೇರಾದ ಉಣಿಕೆ, ಒತ್ತಡಕ್ಕೆ ನಡುವೆ ಬಾಗುವ ರೋಲರು. ತಿರುಪಿಗೆ ಕೈಹಾಕುವ ಮೊದಲು ಹಾಲನ್ನೂ ಟ್ರೇಯನ್ನೂ ಪರೀಕ್ಷಿಸುವುದು ಲೇಸು.